ನಾಲ್ಕನೇ ವಾರ್ಡಿನ ಲೆಕ್ಕದಲ್ಲಿ ಬಿಟ್ಟುಹೋದವರು

"ನೀವು ಕನ್ನಡದವರಾ?"

ಕರಾವಳಿ ಕಡೆಯ ಮೆಲ್ಕಾರಿನಲ್ಲಿ ಬಸ್ಸಿಳಿದು ಬಾಡಿಗೆ ರೂಮಿನ ದಾರಿ ಕೇಳಿದರೆ ಅಂಗಡಿಯವರು ತಿರುಗಿ ನನ್ನನ್ನೇ ಹೀಗೆ ಕೇಳಿದರು. ಕೇಳಿದ್ದೂ ಕನ್ನಡದಲ್ಲಿಯೇ! ಅಲ್ರೀ, ಗದಗಿನಿಂದ ಹೊರಟ ನಾನು ರಾಜ್ಯ ದಾಟಿರಲಿಲ್ಲ. ಇಲ್ಲಿ ಮನೆಮಾತು ತುಳು. ಕನ್ನಡವೇನಿದ್ದರೂ ಶಾಲೆ, ಕಚೇರಿಗೆ. ನಾನು 'ಐತಿ' ಅಂದರೆ ಅವರಿಗೆ ನಗು, ಅವರು 'ಉಂಟು' ಅಂದರೆ ನನಗೆ ಪಾಠ ಒಪ್ಪಿಸಿದಂತೆ ಕೇಳುತ್ತಿತ್ತು. ಜೋಳದ ರೊಟ್ಟಿಯಲ್ಲಿ ಬೆಳೆದವಳಿಗೆ ಕುಚ್ಚಲಕ್ಕಿ ಗಂಜಿ ಒಗ್ಗಲು ತಿಂಗಳು ಹಿಡಿಯಿತು. ಮೊದಲೇ ಒಂದು ಕಡೆ ಕೂರುವ ಪೈಕಿಯಲ್ಲ ನಾನು. ಸಂಜೆಯಾದರೆ ರೂಮಿನಲ್ಲಿ ಗೋಡೆಯಿಂದ ಗೋಡೆಗೆ ನಡೆಯುತ್ತಿದ್ದೆ.

ಬಂದದ್ದು ಬಂಟ್ವಾಳದ ಕಡೆಯ ಒಂದು ಆಸ್ಪತ್ರೆಯ ಕೆಲಸಕ್ಕೆ. ಆ್ಯಂಟಿಬಯೋಟಿಕ್ ಕೊಟ್ಟರೂ ಬಗ್ಗದ ರೋಗಾಣು ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಹೇಗೆ ದಾಟುತ್ತದೆ ಎಂಬುದನ್ನು ಗಣಿತದಲ್ಲಿ ಹಿಡಿಯುವುದು ನನ್ನ ಕೆಲಸ. ಯಾವ ರೋಗಿ ಯಾವ ಹಾಸಿಗೆಯಲ್ಲಿ, ಯಾವ ಮದ್ದು ಕೊಟ್ಟರು, ಯಾರು ಎಷ್ಟು ಸಲ ಮುಟ್ಟಿದರು ಎಂಬುದನ್ನೆಲ್ಲ ಸಮೀಕರಣಕ್ಕೆ ಹಾಕಿದರೆ ಹರಡುವ ದಾರಿ ಕಾಣಿಸಬೇಕು. ಕಾಣಿಸಿತು ಕೂಡ. ಹೆಂಗಸರ ನಾಲ್ಕನೇ ವಾರ್ಡಿನಲ್ಲಿ ಅದು ಓಡುತ್ತಿದ್ದ ವೇಗ ನೋಡಿದರೆ ನರ್ಸುಗಳು ಸರಿಯಾಗಿ ಕೈ ತೊಳೆಯುತ್ತಿಲ್ಲವೆಂದೇ ಅರ್ಥ. ಹಾಗೆಯೇ ವರದಿ ಬರೆದುಕೊಟ್ಟೆ. ವಾರ್ಡಿನ ಮುಖ್ಯಸ್ಥೆ ಲವೀನಾ ಸಿಸ್ಟರನ್ನು ಅಲ್ಲಿಂದ ತೆಗೆದು ಉಗ್ರಾಣಕ್ಕೆ ಹಾಕುವ ಮಾತು ಎದ್ದಿತು.

ಮರುದಿನ ಬೆಳಿಗ್ಗೆ ಸಿಸ್ಟರ್ ನನ್ನ ಮೇಜಿನ ಮುಂದೆ ನಿಂತರು. "ಎಂತ ಮೇಡಂ, ನಾನು ಕೈ ತೊಳೆಯುವುದಿಲ್ಲ ಅಂತ ನಿಮ್ಮ ಕಂಪ್ಯೂಟರಿಗೆ ಯಾರು ಹೇಳಿದ್ದು? ಇಪ್ಪತ್ತು ವರ್ಷ ಆಯ್ತು ನಾನು ಇಲ್ಲಿ. ಒಂದು ದಿನ ವಾರ್ಡಿಗೆ ಬಂದು ಕೂತು ನೋಡಿ ಮಾರಾಯ್ರೆ, ಆಮೇಲೆ ಬರೆಯಿರಿ."

ಮುಖಕ್ಕೆ ಹೊಡೆದಂತಾಯಿತು. ಸಿಟ್ಟಿನಿಂದಲೇ ಹೋಗಿ ಕೂತೆ.

ಅಲ್ಲಿ ವಿಟ್ಲದ ಸುಮತಿಯಕ್ಕ ಅತ್ತೆಯ ಒಟ್ಟಿಗೆ ನಿಂತಿದ್ದರು. 'ನಿಲ್ಲುವುದು' ಅಂದರೆ ಇಲ್ಲಿ ರೋಗಿಯ ಆರೈಕೆಗೆ ಆಸ್ಪತ್ರೆಯಲ್ಲೇ ಉಳಿಯುವುದು. ಅತ್ತೆಯ ಗಾಯದ ಬಟ್ಟೆ ಸರಿಮಾಡಿದರು. ಅದೇ ಕೈಯಲ್ಲಿ ಪಕ್ಕದ ಹಾಸಿಗೆಯ ಬೆಳ್ತಂಗಡಿಯ ಅಜ್ಜಿಯನ್ನು ಎತ್ತಿ ಕೂರಿಸಿದರು, ಆಚೆಯ ಮೂಡುಬಿದಿರೆಯವರಿಗೆ ಗಂಜಿ ಕುಡಿಸಿದರು. ನಮ್ಮ ಗದಗಿನ ಕಡೆ ಆಸ್ಪತ್ರೆಗೆ ಬಂದವರೆಲ್ಲ ತಮ್ಮ ರೋಗಿಯ ಮಂಚ ಸುತ್ತುವರಿದು ಕೂರುತ್ತಾರೆ. ಇಲ್ಲಿ ಸುಮತಿಯಕ್ಕನಿಗೆ ಇಡೀ ಸಾಲೇ ತನ್ನದು.

"ಅವರು ನಿಮಗೆ ಏನಾಗಬೇಕು?" ಎಂದೆ.

"ಎಂತದೂ ಇಲ್ಲ. ಅವರಿಗೆ ನಿಲ್ಲಲಿಕ್ಕೆ ಜನ ಇಲ್ಲ ಅಲ್ವಾ? ನೋಡ್ತಾ ಕೂತುಕೊಳ್ಳುವುದು ಹೇಗೆ?" ಎಂದವರು ನನ್ನ ಕಡೆಗೂ ತಿರುಗಿ, "ಒಣಸ್ ಆಂಡಾ?" ಎಂದು ಊಟ ವಿಚಾರಿಸಿದರು.

ಡ್ಯೂಟಿ ಪುಸ್ತಕದಲ್ಲಿ ಹೆಸರಿದ್ದವರಷ್ಟೇ ನನ್ನ ಲೆಕ್ಕದಲ್ಲಿದ್ದರು. ಈ ಕೈಗಳನ್ನು ನಾನು ಎಣಿಸಿಯೇ ಇರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದೆ! ನಾಚಿಕೆಯಾಯಿತು. ನಿಲ್ಲುವವರನ್ನೂ ಸೇರಿಸಿ ಹೊಸದಾಗಿ ಲೆಕ್ಕ ಮಾಡಿದೆ. ಈ ಸಲ ವಾರ್ಡಿನಲ್ಲಿ ನಡೆದದ್ದಕ್ಕೆ ಅದು ಹೊಂದಿತು. ದೊಡ್ಡ ಡಾಕ್ಟರ ಬಳಿ ಹೋಗಿ ತಪ್ಪು ನನ್ನದೆಂದೆ. ಲವೀನಾ ಸಿಸ್ಟರ್ ವಾರ್ಡಿನಲ್ಲೇ ಉಳಿದರು. ಆದರೆ ಗೋಡೆಗೆ ಬೋರ್ಡೊಂದು ಬಂತು: ರೋಗಿಗೆ ಒಬ್ಬರೇ ಜನ, ಬೇರೆ ರೋಗಿಯನ್ನು ಮುಟ್ಟುವಂತಿಲ್ಲ. ಬರೆಸಿದ್ದು ನನ್ನ ಲೆಕ್ಕವೇ. ಸುಮತಿಯಕ್ಕ ಓದಿ, "ಇದೆಂತ ಕಾನೂನು ಮಾರಾಯ್ತಿ!" ಎಂದರು. ಬೆಳ್ತಂಗಡಿಯ ಅಜ್ಜಿ ಅಂದು ನರ್ಸು ಬರುವವರೆಗೂ ಗಂಜಿಗೆ ಕಾದರು. ರೋಗಾಣುವಿನ ಓಟವೇನೋ ತಗ್ಗಿತು. ನನಗೆ ಮಾತ್ರ ಕೂತಲ್ಲಿ ಕೂರಲಾಗಲಿಲ್ಲ.

ಮಳೆಗಾಲದಲ್ಲಿ ನನಗೇ ಡೆಂಗಿ ಬಂತು. ಮಲಗಿಸಿದ್ದು ಅದೇ ವಾರ್ಡಿನಲ್ಲಿ. ಫಾರಂ ತುಂಬುವವರು, "ಒಟ್ಟಿಗೆ ನಿಲ್ಲಲಿಕ್ಕೆ ಯಾರುಂಟು?" ಎಂದರು. ಆ ಜಾಗ ಖಾಲಿ ಬಿಡಿ ಎಂದೆ. ಪಕ್ಕದ ಹಾಸಿಗೆಯವರಿಗೆ ನಿಂತಿದ್ದ ಹೆಂಗಸು ನೀರು ಕೊಡಲು ಎದ್ದವರು ಬೋರ್ಡು ನೋಡಿ ಮತ್ತೆ ಕೂತರು. ಅಯ್ಯೋ ನನ್ನ ಲೆಕ್ಕವೇ, ಎನಿಸಿತು.

ಡ್ಯೂಟಿ ಮುಗಿಸಿದ ಲವೀನಾ ಸಿಸ್ಟರ್ ಮನೆಗೆ ಹೊರಡಲಿಲ್ಲ. ಬಟ್ಟೆ ಬದಲಿಸಿ, ಕೈ ತೊಳೆದು ಬಂದು ಫಾರಂನ ಆ ಖಾಲಿ ಜಾಗದಲ್ಲಿ ತಮ್ಮ ಹೆಸರು ಬರೆದರು. "ಗಂಜಿ ಕುಡಿಯುವ, ಏಳಿ" ಎಂದರು.

ಅಷ್ಟರಲ್ಲಿ ಅವ್ವನ ಫೋನು. "ಯಾರದಾರವ್ವಾ ನಿನ್ನ ಬಾಜೂಕ?"

"ನಮ್ಮವರ ಅದಾರ ಬೇ" ಎಂದೆ. ಹಾಗೆಂದದ್ದೇ ತಡ, ಅಳು ಬಂತು.

"ನಾ ಬರ್ಲೇನು?" ಎಂದಳು ಅವ್ವ. ಫೋನನ್ನು ಲವೀನಾ ಸಿಸ್ಟರ ಕೈಗಿತ್ತು ಗಂಜಿಯ ಬಟ್ಟಲು ತೆಗೆದುಕೊಂಡೆ.