ಕೊಬ್ಬರಿ ಎಣ್ಣೆ ಹಚ್ಚಿದ ಪಿಯಾನೊ

ಇವತ್ತು ಬೆಳಗ್ಗೆ ಪಿಯಾನೊ ಮುಚ್ಚಳ ತೆಗೆದೆ ನೋಡಿ, ಕಮಟು ಕೊಬ್ಬರಿ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಇಷ್ಟು ವರ್ಷವಾದರೂ ಹೋಗಿಲ್ಲ. ಹೋಗುವುದಾದರೂ ಹೇಗೆ, ಹಚ್ಚಿದವಳು ತೆಂಗಿನ ಸೀಮೆ ಕಡಬದವಳು, ಅಂದರೆ ನಾನು. ನಮ್ಮ ಮನೆಯಲ್ಲಿ ಒಡೆದ ತುಟಿಗೂ ಕೊಬ್ಬರಿ ಎಣ್ಣೆ, ಕಿರುಗುಟ್ಟುವ ಬಾಗಿಲಿಗೂ ಕೊಬ್ಬರಿ ಎಣ್ಣೆ. ಅದಕ್ಕೆ ಬಗ್ಗದ ರೋಗ ಇದೆಯೆಂದು ನನಗೆ ಯಾರೂ ಹೇಳಿರಲಿಲ್ಲ.

ಪಿಯಾನೊ ನನ್ನ ಗುರುಗಳಾದ ಫರೀದಾ ಮೇಡಂ ಅವರದು. ಕುಣಿಗಲ್ಲಿನ ಮರಗೆಲಸದವರ ಮಗಳು. ಬೆಂಗಳೂರು, ಮುಂಬೈಯಲ್ಲೆಲ್ಲ ನುಡಿಸಿ ಬಂದು, ಬಟವಾಡಿ ಬಡಾವಣೆಯ ಬಾಡಿಗೆ ಮನೆಯಲ್ಲಿ ನಮ್ಮಂಥವರಿಗೆ ಪಾಠ ಹೇಳುತ್ತಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ನಾನು ಪಿಯಾನೊವನ್ನೇ ಬೈಯುತ್ತಿದ್ದೆ. ಪಾಠಕ್ಕೆ ಮೊದಲು ಕಿಟಕಿ ತೆಗೆಯಬೇಕೆಂಬುದು ಅವರ ನಿಯಮ. ನಾಚಿಕೆಯಾಗಿ ಮುಚ್ಚಲು ಹೋದರೆ, "ತಪ್ಪಾದ್ರೂ ಬೀದಿಗೆ ಕೇಳ್ಸೋ ಹಂಗೆ ನುಡ್ಸೇ" ಎನ್ನುವರು.

ಹುಟ್ಟೂರಿನಲ್ಲಿ ಒಂದು ಪೂರ್ತಿ ಕಚೇರಿ ಮಾಡಬೇಕೆಂಬುದು ಅವರ ಹಟ. ಪೆಟ್ಟಿಗೆ ಬಾರಿಸುವವಳು ಎಂದು ನಕ್ಕ ಊರದು. ಕೊನೆಗೊಂದು ದಿನ ಕೊಬ್ಬರಿ ಮಂಡಿಯ ಹಮಾಲರು ಪಿಯಾನೊವನ್ನು ಲಾರಿಗೇರಿಸಿ ಕುಣಿಗಲ್ಲಿನ ಮದುವೆ ಮಂಟಪಕ್ಕೆ ಇಳಿಸಿದರು. ದಾರಿಯ ಕುಲುಕಾಟಕ್ಕೆ ನಡುವಿನ ಎರಡು ಕೀಗಳು ಕಿರುಗುಟ್ಟತೊಡಗಿದವು. ಮೇಡಂ ಊಟಕ್ಕೆ ಹೋದಾಗ ನಾನು ಗುಟ್ಟಾಗಿ ನನ್ನ ಎಣ್ಣೆ ಬಾಟ್ಲಿ ತೆಗೆದೆ. ಧಾರಾಳವಾಗಿಯೇ ಸುರಿದೆ. ಮರವೂ ಒಳಗಿನ ಬಟ್ಟೆಯೂ ಎಣ್ಣೆ ಹೀರಿ ಬಿಗಿದುಕೊಂಡವು. ಕಚೇರಿಯ ಹೊತ್ತಿಗೆ ಆ ಎರಡು ಕೀ ಒತ್ತಿದರೆ ಮೇಲೇಳುತ್ತಲೇ ಇರಲಿಲ್ಲ.

ಮಂಟಪದ ಮ್ಯಾನೇಜರು ಓಡಿ ಬಂದರು. "ಮೇಡಂ, ಎರಡು ಸಿನಿಮಾ ಹಾಡು ನುಡ್ಸಿ ಮುಗ್ಸಿಬಿಡಿ. ಜನ ಎದ್ದೋಯ್ತಾರೆ."

"ಏಳೋರು ಏಳ್ಲಿ. ನಾನು ಏಳಲ್ಲ," ಎಂದರು ಮೇಡಂ.

ಒಂದೂವರೆ ಗಂಟೆ ನುಡಿಸಿದರು. ಅಂಟಿದ ಕೀಯನ್ನು ಬಿಡುವಿದ್ದ ಬೆರಳಿನಿಂದ ಎತ್ತಿ, ಮತ್ತೆ ಒತ್ತಿ, ಮತ್ತೆ ಎತ್ತಿ. ಅರ್ಧ ಮಂಟಪ ಖಾಲಿಯಾಯಿತು. ನಾನು ಮೂಲೆಯಲ್ಲಿ ಬಿಕ್ಕುತ್ತಿದ್ದೆ. ಉಳಿದವರಲ್ಲಿ ಹಮಾಲರೂ ಇದ್ದರು. ಪಿಯಾನೊ ವಾಪಸ್ ಹೊರಬೇಕಿತ್ತಲ್ಲ! ಮೊದಲು ಚಪ್ಪಾಳೆ ತಟ್ಟಿದವರು ಅವರೇ.

ವಾಪಸು ಬರುವಾಗ ತಡೆಯಲಾರದೆ, "ಯಾರು ಎಣ್ಣೆ ಹಾಕಿದ್ದು ಅಂತ ಕೇಳಲ್ವಾ ಮೇಡಂ?" ಎಂದೆ.

"ನಿನ್ ಜಡೆ ವಾಸ್ನೆ ನಂಗೊತ್ತಿಲ್ವೇನೇ? ಶನಿವಾರ ಪಾಠ ತಪ್ಪಿಸ್ಬೇಡ."

ಅವರು ತೀರಿಕೊಳ್ಳುವ ಮುಂಚೆ ಪಿಯಾನೊ ನನಗೆ ಕೊಟ್ಟರು. ಈಗ ಅದೇ ಬಟವಾಡಿಯಲ್ಲಿ ನಾನೂ ಮೇಡಂ. ನಿನ್ನೆ ಒಂದು ಶಾಲೆಯವರು ವಾರ್ಷಿಕೋತ್ಸವಕ್ಕೆ ಕರೆದು, "ಕ್ಲಾಸಿಕಲ್ ಎಲ್ಲ ಬೇಡ ಮೇಡಂ, ಯಾವುದಾದ್ರೂ ಸಿನಿಮಾ ಹಾಡು ನುಡ್ಸಿ" ಎಂದಿದ್ದರು. ನಾಚಿಕೆಗೇಡಿ ನಾನು, ಹೂಂ ಎಂದಿದ್ದೆ.

ಈ ವಾಸನೆ ಬಡಿದ ಮೇಲೆ ಶಾಲೆಯವರಿಗೆ ಫೋನ್ ಮಾಡಿದೆ. "ಪೂರ್ತಿ ಕ್ಲಾಸಿಕಲ್ಲೇ ನುಡಿಸ್ತೀನಿ ಸರ್."

"ಜನ ಎದ್ದೋದ್ರೆ ಮೇಡಂ?"

"ಏಳ್ಲಿ ಸರ್. ನಾನು ಏಳಲ್ಲ."

ಫೋನಿಟ್ಟೆ. ಎದ್ದು ಹೋಗಿ ಕಿಟಕಿ ತೆಗೆದೆ.