ಆಮೀನ್ ಅಂದ ಅಮೀನ

ರಾಣೆಬೆನ್ನೂರಿನ ಕೋರ್ಟಿನಲ್ಲಿ ಹಾಲೇಶಪ್ಪ ಅಮೀನನಾಗಿದ್ದ. ತೀರ್ಪಾದ ಮೇಲೆ ಮನೆ ಬಿಡಿಸುವುದು, ಸಾಮಾನು ಜಪ್ತಿ ಮಾಡುವುದು ಅವನ ಕೆಲಸ. ಹಲಗೇರಿ ಕಡೆಯವನು, ಯಾರಿಗೂ ಏರುದನಿಯಲ್ಲಿ ಮಾತಾಡಿದವನಲ್ಲ. ಆದರೂ ಅವನ ಸೈಕಲ್ಲು ಓಣಿಗೆ ಬಂದರೆ ಹೆಂಗಸರು "ಬಂತವ್ವಾ ಶನಿ" ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದರು. ಕೋರ್ಟಿನೆದುರು ಟೈಪು ಮಾಡುತ್ತಿದ್ದ ನನ್ನನ್ನು ಪಂಚನಾಗಿ, ಅಂದರೆ ಸಾಕ್ಷಿಗೆಂದು, ಆಗಾಗ ಎಳೆದೊಯ್ಯುತ್ತಿದ್ದ. ಹಾಳಾದ ಕೆಲಸ! ದಾರಿಯುದ್ದಕ್ಕೂ ನಾನು ಬೈಯುತ್ತಿದ್ದೆ, ಅವನು ಹೂಂ ಅನ್ನುತ್ತಿದ್ದ.

ತೊಂಬತ್ತೊಂದರ ಸುಮಾರಿಗೆ ಅಮೀರಬಿಯ ಮನೆ ಬಿಡಿಸುವ ಕೆಲಸ ಅವನ ಪಾಲಿಗೆ ಬಂತು. ಮೈದುನನ ಮಗ ಸಲಾವುದ್ದೀನ ದಾವೆ ಗೆದ್ದಿದ್ದ. ಮುದುಕಿ ಹಾಸಿಗೆ ಹಿಡಿದಿದ್ದಳು. ಮದುಮಗಳಾಗಿ ಕಾಲಿಟ್ಟ ಮನೆಯಲ್ಲೇ ಕಣ್ಣು ಮುಚ್ಚಬೇಕು, ಆಕೆಗೆ ಬೇರೇನೂ ಬೇಕಿರಲಿಲ್ಲ. ಹಾಲೇಶಪ್ಪ ಒಮ್ಮೆ "ಬಾಗಿಲಿಗೆ ಕೀಲಿ ಇತ್ತು" ಎಂದು ಸುಳ್ಳು ಬರೆದು ವಾರಂಟು ವಾಪಸು ಮಾಡಿದ್ದ. ಜಡ್ಜ್ ಸಾಹೇಬರು ಉಗಿದಿದ್ದರು. ಇನ್ನು ಮುಂದೂಡುವ ಹಾಗಿರಲಿಲ್ಲ.

"ನಾಳೆ ಬಿಡಿಸ್ಬೇಕು, ಇವತ್ತ ಹೇಳಿ ಬರೂಣು ನಡಿ" ಎಂದ. ಹೋದೆವು. ಒಳಗೆ ದುವಾ ನಡೆದಿತ್ತು. "ಆಮೀನ್" ಎಂದು ಎಲ್ಲರೂ ಒಟ್ಟಿಗೆ ಅಂದರು. ಹೊರಗಿದ್ದ ನಮ್ಮ ಮಹಾರಾಯ "ಬಂದೇನ್ರಿ" ಎಂದು ಒಳಗೆ ನಡೆದೇಬಿಟ್ಟ!

ಅಮೀರಬಿ ಕೆಮ್ಮುತ್ತಲೇ ನಕ್ಕಳು. "ನಿನ್ನಲ್ಲೋ ಯಪ್ಪಾ, ದೇವರ್ನ ಕರದೇವಿ."

ಹಾಲೇಶಪ್ಪ ನಾಚಿಕೊಂಡು ಕೇಳಿದ, "ಹಂಗಂದ್ರ ಏನ್ರಿ?"

ಮಗ ಯೂಸುಫಸಾಬ ಹೇಳಿದ: "ಆಮೀನ್ ಅಂದ್ರ ನಮ್ಮ ಬೇಡಿಕಿ ಖಬೂಲ್ ಮಾಡು, ಹಂಗ ಆಗಲಿ ಅಂತ. ಭಾಳ ಹಳೇ ಮಾತು. ಯಹೂದ್ಯರು ಅಂತಿದ್ರಂತ, ಕ್ರಿಶ್ಚನ್ನರೂ ಆಮೆನ್ ಅಂತಾರ. ನಿಮ್ಮ ಹುದ್ದೆ ಹೆಸರೂ ಅದ ಬೇರಿಂದ ಬಂದದ್ರಿ. ಅಮೀನ ಅಂದ್ರ ನಂಬಿಗಸ್ಥ."

"ನಂಬಿಗಸ್ಥ!" ಎಂದು ಹಾಲೇಶಪ್ಪ ನೆಲ ನೋಡಿದ. ಆಮೇಲೆ ನಾಳೆಯ ಸುದ್ದಿ ಹೇಳಿದ.

ಅಮೀರಬಿ ಎರಡೂ ಕೈ ಎತ್ತಿದಳು. "ಯಾ ಅಲ್ಲಾ, ನಾಳೆ ಇವರು ಬರೂದ್ರಾಗ ನನ್ನ ಕರಕೋ" ಎಂದು, ಆಮೀನ್ ಅನ್ನಲೆಂದು ಮಗನ ಮುಖ ನೋಡಿದಳು.

"ಸಾವು ಬೇಡಬಾರ್ದಮ್ಮಾ, ಗುನಾ ಅದು" ಎಂದು ಯೂಸುಫಸಾಬ ತುಟಿ ಕಚ್ಚಿದ. ಸೊಸೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಮುದುಕಿ ಹಾಲೇಶಪ್ಪನತ್ತ ತಿರುಗಿದಳು. "ಇವರ ಬಾಯಿಲೆ ಬರಂಗಿಲ್ಲ. ನೀನರ ಅನ್ನೋ ಯಪ್ಪಾ."

ಹೆತ್ತ ತಾಯಿಯ ವಯಸ್ಸಿನವಳು ಸಾಯಲಿ ಅನ್ನಬೇಕು! ಅನ್ನದಿದ್ದರೆ ನಾಳೆ ಅದೇ ಕೈಯಿಂದ ಹೊರಗೆ ಹಾಕಬೇಕು. ಹಾಲೇಶಪ್ಪ ಚಪ್ಪಲಿ ಕಳಚಿ ನಿಂತು, ಕೈ ಮುಗಿದು, "ಆಮೀನ್" ಎಂದ.

ಮರುದಿನ ಪೊಲೀಸರ ಸಮೇತ ಹೋದಾಗ ಅಮೀರಬಿ ಕಣ್ಣು ಬಿಟ್ಟುಕೊಂಡೇ ಇದ್ದಳು. "ನಿನ್ನ ಆಮೀನ್ ಮುಟ್ಟಲಿಲ್ಲ ನೋಡಪಾ" ಎಂದಳು. ಮಂಚದ ತಲೆಯ ಕಡೆ ಹಾಲೇಶಪ್ಪನೇ ಹಿಡಿದ. ಓಣಿಯಲ್ಲಿ ಇಳಿಸಿ, ಮನೆಗೆ ಬೀಗ ಹಾಕಿ, ಕೀಲಿಕೈಯನ್ನು ಸಲಾವುದ್ದೀನನಿಗೆ ಒಪ್ಪಿಸಿದ. ನಾನು ಪಂಚನಾಮೆಗೆ ಸಹಿ ಹಾಕುವಷ್ಟರಲ್ಲಿ ಸೊಸೆ ಕಿಟ್ಟನೆ ಚೀರಿದಳು. ಮುದುಕಿ ಹೋಗಿದ್ದಳು.

ಯೂಸುಫಸಾಬ ಎದ್ದು ಬಂದ. "ಅಮೀನಸಾಹೇಬ್ರ, ಮೈ ತೊಳಿಯೂತನಕರ ಅಮ್ಮನ್ನ ಒಳಗ ಒಯ್ಯೂಣೇನ್ರಿ?"

ಹಾಲೇಶಪ್ಪ ಸಲಾವುದ್ದೀನನನ್ನು ನೋಡಿದ. ಆ ಕಲ್ಲೆದೆಯವನು ಕೀಲಿಕೈ ಕಿಸೆಗೆ ಹಾಕಿಕೊಂಡು ಮುಖ ತಿರುವಿದ.

"ಈಗ ಅದು ನನ್ನ ಕೈಯಾಗಿಲ್ಲಪಾ" ಎಂದು ಹಾಲೇಶಪ್ಪ ಆ ಮಂಚದ ಕಾಲ ಹತ್ತಿರವೇ ಕುಸಿದು ಕುಳಿತ.