ಓಟ ಮುಗಿಯುವವರೆಗಿನ ಮಗ್ಗ

ಶಿವನಂಜಮ್ಮನ ಹೆಸರೆತ್ತಿದರೆ ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಗಂಡನ ಕಾಲು ಹೋದಾಗ ಮಗ್ಗಕ್ಕಿಳಿದು ಮನೆ ಉಳಿಸಿದವಳು. ಯಾರಾದರೂ ಎದುರಿಗೇ ಹಾಗಂದರೆ ಅವಳು ಏನೋ ನೆಪ ತೆಗೆದು ಒಳಗೆ ಹೋಗಿಬಿಡುತ್ತಿದ್ದಳು. ಸಂಕೋಚದ ಹೆಂಗಸು ಅನ್ನುತ್ತಿದ್ದರು. ಅದು ಸಂಕೋಚವಾಗಿರಲಿಲ್ಲ.

ಅವಳು ಯಳಂದೂರಿನ ಹುಡುಗಿ. ತೌರಿನಲ್ಲಿ ಗಂಡುಮಕ್ಕಳಿಲ್ಲದ್ದರಿಂದ ಅಪ್ಪ ಅವಳನ್ನೇ ಗುಂಡಿಮಗ್ಗಕ್ಕೆ ಇಳಿಸಿದ್ದ. ನೆಲದ ಕುಳಿಯೊಳಗೆ ಕಾಲು ಇಳಿಬಿಟ್ಟು, ಹಲಗೆ ತುಳಿದು, ಲಾಳಿ ಎಸೆದು, ಮದುವೆಯ ಹೊತ್ತಿಗೆ ರೇಷ್ಮೆ ಸೀರೆಯನ್ನು ಸೆರಗಿನ ಸಮೇತ ಒಬ್ಬಳೇ ನೇಯುತ್ತಿದ್ದಳು. ಕೊಳ್ಳೇಗಾಲದ ದೇವಣ್ಣನ ಕೈಹಿಡಿದು ಬಂದ ಮೊದಲ ವಾರವೇ ಅತ್ತೆ ದೇವೀರಮ್ಮ ಹೇಳಿಬಿಟ್ಟಳು: “ನಮ್ಮನೇಲಿ ಎಂಗಸ್ರು ಮಗ್ಗಕ್ಕೆ ಇಳಿಯಾಕಿಲ್ಲ ಕಣವ್ವ. ಅಕೋ ರಾಟೆ ಅದೆ, ಸುತ್ತು.”

ರೇಷ್ಮೆ ಬಿಡಿಸುವುದು, ತುಂಡಾದ ಎಳೆ ಹೊಸೆಯುವುದು, ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತುವುದು ಅವಳ ಪಾಲಿಗೆ ಬಂತು. ನೀರು, ಒಲೆ, ಮುಸುರೆ ಬೇರೆ. ಇಷ್ಟೆಲ್ಲ ಆದ ಮೇಲೆ ರೇಷ್ಮೆ ಕೊಟ್ಟು ನೇಯಿಸುವ ಸಾಹುಕಾರರ ಮನೆಗೆ ಹೋಗುವ ಸೀರೆ ಮಾತ್ರ ದೇವಣ್ಣ ನೇಯ್ದ ಸೀರೆ.

ದೇವಣ್ಣ ಕೆಟ್ಟವನಲ್ಲ. ಹಗಲೆಲ್ಲ ಕುಳಿಯಲ್ಲಿ ಕೂತವನ ಕಾಲು ಬಯಲಿಗಾಗಿ ತುಡಿಯುತ್ತಿತ್ತು, ಅಷ್ಟೆ. ಒಮ್ಮೆ ಸೀರೆಗಂಟು ಹೊತ್ತುಕೊಂಡೇ ಸತ್ಯಮಂಗಲದ ಬಸ್ಸನ್ನು ಅಟ್ಟಿಸಿಕೊಂಡು ಹೋಗಿ ಊರಾಚೆ ಹಿಡಿದ. ಅದನ್ನು ಸ್ಕೂಲಿನ ಡ್ರಿಲ್ ಮೇಷ್ಟ್ರು ಗೋವಿಂದಯ್ಯ ಕಂಡರು. ಕೊಯಮತ್ತೂರಿನಲ್ಲಿ ಇಪ್ಪತ್ತಾರು ಮೈಲಿ ಓಟ ಇಟ್ಟಿದ್ದಾರೆ, ನಮ್ಮ ಕಡೆಯಿಂದ ಒಬ್ಬನೂ ಹೋದವನಿಲ್ಲ ಎಂದು ಅವನ ಕಿವಿಯಲ್ಲಿ ಊದಿದರು. ಅಂದಿನಿಂದ ಅವನು ಕೋಳಿ ಕೂಗುವ ಮುಂಚೆ ಎದ್ದು ಯಳಂದೂರಿನ ಕಡೆಗೆ ಓಡಿ, ಬಿಸಿಲೇರಿದ ಮೇಲೆ ಮನೆ ಸೇರತೊಡಗಿದ.

ಆಗ ಕೊಳ್ಳೇಗಾಲ ಹೆಂಡ ನಿಷೇಧವಿದ್ದ ಮದ್ರಾಸಿಗೆ ಸೇರಿತ್ತು, ಯಳಂದೂರು ಮೈಸೂರಿಗೆ. ಕತ್ತಲಲ್ಲಿ ಗಡಿ ದಾಟಿ ಓಡಿಬರುವವನು ಕಳ್ಳಬಟ್ಟಿ ಸಾಗಿಸುವವನೇ ಇರಬೇಕೆಂದು ಪೊಲೀಸಿನವನೊಬ್ಬ ಹಿಡಿದು ಬಾಯಿ ಮೂಸಿದ.

“ಎಲ್ಲಿ ಬಚ್ಚಿಟ್ಟಿದ್ದೀಯ್ಲಾ ಸೀಸೆಯ?”

“ಇಲ್ಲ ಸಾ, ಸುಮ್ನೆ ಓಡ್ತಾ ಇವ್ನಿ.”

“ಅದ್ನೇ ಕಣ್ಲಾ ನಾ ಕೇಳ್ತಿರದು. ಯಾಕೆ ಓಡ್ತಿದ್ದೀಯೆ?”

ದೇವಣ್ಣ ಇದನ್ನು ಮನೆಯಲ್ಲಿ ಹೇಳಿಕೊಂಡು ನಕ್ಕ. ದೇವೀರಮ್ಮ ನಗಲಿಲ್ಲ. “ಆ ಪೋಲೀಸಪ್ಪಂಗಿರೋ ಬುದ್ಧಿ ನಿಂಗಿಲ್ವಲ್ಲ ಮಗ. ಇಲ್ಲಿ ಮಗ್ಗ ಬಿಕೋ ಅಂತದೆ. ಸಾವ್ಕಾರ್ರು ಮದ್ವೆ ಸೀರೆಗೆ ಆಳು ಮ್ಯಾಲೆ ಆಳು ಕಳಿಸ್ತಾವ್ರೆ. ಯಾರು ನೇಯೋರು, ನಿನ್ನ ಡ್ರಿಲ್ ಮೇಷ್ಟ್ರಾ?”

ಶಿವನಂಜಮ್ಮ ರಾಟೆ ತಿರುಗಿಸುತ್ತಲೇ, ತಲೆ ಎತ್ತದೆ ಅಂದಳು: “ಅವರು ಬರೋಗಂಟ ನಾನು ಕೂತ್ಕತೀನಿ ಅತ್ತೆ.”

ದೇವೀರಮ್ಮ ಮಗನ ಮುಖ ನೋಡಿದಳು, ಖಾಲಿ ಮಗ್ಗ ನೋಡಿದಳು. “ಓಟ ಮುಗಿಯೋಗಂಟ ಮಾತ್ರ. ಆಮೇಲೆ ಕುಳಿಗೆ ಕಾಲಿಕ್ಕಂಗಿಲ್ಲ.”

ಹಾಗೆ ಮಗ್ಗ ಅವಳಿಗೆ ಸಿಕ್ಕಿತು. ಅದಕ್ಕಾಗಿ ಅವಳು ದೇವಣ್ಣನಿಗಿಂತಲೂ ಮುಂಚೆ ಎದ್ದು ಬಾವಿಯಿಂದ ನೀರು ಹೊತ್ತು ತುಂಬಿಸಿ, ಅವನಿಗೆ ರಾಗಿ ಅಂಬಲಿ ಕಾಯಿಸಿಕೊಟ್ಟು, ಅವನು ಹೊಸ್ತಿಲು ದಾಟಿದ ಕೂಡಲೆ ಕುಳಿಗಿಳಿಯುತ್ತಿದ್ದಳು. ಗಂಡನ ಓಟವನ್ನು ಬೀದಿಯವರು ಸಾಧನೆ ಅನ್ನತೊಡಗಿದರು. ಕೊಡ ಹೊತ್ತು ಬಾವಿಗೂ ಮನೆಗೂ ಇವಳು ತಿರುಗುವುದಕ್ಕೆ ಯಾರೂ ಹೆಸರಿಟ್ಟಿರಲಿಲ್ಲ. ಅವಳೂ ದೂರಲಿಲ್ಲ. ಕಾಲಡಿಯಲ್ಲಿ ಹಲಗೆ ಬಗ್ಗಿ, ಎಳೆಗಳು ಬಾಯಿಬಿಟ್ಟು, ಲಾಳಿ ಸರ್ರನೆ ಹಾಯುವಾಗ ಮೈಯ ದಣಿವೆಲ್ಲ ಎಲ್ಲೋ ಹೋಗುತ್ತಿತ್ತು.

ಆದರೆ ಬೀದಿ ತುದಿಯಲ್ಲಿ ಅವನ ಹೆಜ್ಜೆ ಸದ್ದು ಕೇಳಿದರೆ ಅವಳ ಎದೆ ಕುಸಿಯುತ್ತಿತ್ತು. ಬಂದನಲ್ಲ, ಏಳಬೇಕಲ್ಲ. ಗಂಡ ಕ್ಷೇಮವಾಗಿ ಮನೆಗೆ ಬಂದರೆ ಎದೆ ಕುಸಿಯುವ ಹೆಂಡತಿ ಎಂಥವಳು ಎಂದು ತನ್ನನ್ನೇ ಬೈದುಕೊಂಡು ಎದ್ದು ಅವನಿಗೆ ಬಿಸಿನೀರು ಕಾಯಿಸುತ್ತಿದ್ದಳು. ಮಾರನೇ ದಿನ ತಾನೇ ಹೇಳುತ್ತಿದ್ದಳು: “ಇವತ್ತು ಇನ್ನೊಂದಷ್ಟು ದೂರ ಓಗ್ಬನ್ನಿ. ಕೊಯಮತ್ತೂರ್ಗೆ ಬರೋರೆಲ್ಲ ದಿನಾ ಓಡೋರಂತೆ.”

ಗೋವಿಂದಯ್ಯ ಮೇಷ್ಟ್ರಿಗೆ ಇದು ಗೊತ್ತಾಗಿ, “ಹೆಂಡತಿ ಅಂದರೆ ಹೀಗಿರಬೇಕು ಕಣಯ್ಯ,” ಅಂದರಂತೆ. ದೇವಣ್ಣ ಹಿಗ್ಗಿ ಬಂದು ಅದನ್ನು ಅವಳಿಗೆ ಒಪ್ಪಿಸಿದ. ಅವಳು ಕೊಡ ಎತ್ತಿಕೊಂಡು ಬಾವಿಗೆ ಹೊರಟುಬಿಟ್ಟಳು.

ಓಟಕ್ಕೆ ಇನ್ನೊಂದು ವಾರವಿತ್ತು. ಮದುವೆ ಸೀರೆಯ ಒಡಲು ಮುಗಿದು ಸೆರಗು ಮಾತ್ರ ಉಳಿದಿತ್ತು. ನೇಕಾರರ ಕೈ ತಿಳಿಯುವುದೇ ಸೆರಗಿನಲ್ಲಿ. ಹಂಸದ ಸಾಲು ಹಾಕಬೇಕೆಂದು ಅವಳು ಮನಸ್ಸಿನಲ್ಲೇ ಎಳೆ ಎಣಿಸಿಟ್ಟುಕೊಂಡಿದ್ದಳು. ಅವತ್ತು ಸಂಜೆ ದೇವಣ್ಣ ಕುಂಟುತ್ತಾ ಬಂದು ಕಾಲು ಚಾಚಿ ಕೂತ.

“ನಂಜಿ, ಹಿಮ್ಮಡಿ ಮ್ಯಾಲೆ ಹಿಡ್ಕತದೆ ಕಣೆ. ವಸಿ ನೋಡು. ಬುಟ್ಬುಡ್ಲಾ ಅಂತ.”

ಅವಳು ಹರಳೆಣ್ಣೆ ಹಚ್ಚಿ ಹಿಮ್ಮಡಿಯ ಮೇಲಿನ ನರವನ್ನು ಹೆಬ್ಬೆಟ್ಟಿನಿಂದ ನೀವಿದಳು. ರೇಷ್ಮೆ ಎಳೆ ಹರಿಯುವ ಮುಂಚೆ ಬೆರಳಿಗೆ ಸುಳಿವು ಕೊಡುತ್ತದೆ: ಒಂದು ಕಡೆ ನುಣುಪು ಹೋಗಿ, ಉಬ್ಬಿ, ಜೂಲೇಳುತ್ತದೆ. ಅವನ ಚರ್ಮದ ಕೆಳಗೆ ಅವಳಿಗೆ ಅದೇ ಸಿಕ್ಕಿತು. ಮಗ್ಗದ ಮೇಲೆ ಅಂಥ ಎಳೆ ಸಿಕ್ಕಿದ್ದರೆ ಆ ಕ್ಷಣವೇ ಕೈ ನಿಲ್ಲಿಸುತ್ತಿದ್ದಳು. ಈಗ ನಿಲ್ಲಿಸು ಅಂದರೆ ನಾಳೆ ಬೆಳಿಗ್ಗೆ ಅವನು ಕುಳಿಗಿಳಿಯುತ್ತಾನೆ. ಸೆರಗು ಅವನದಾಗುತ್ತದೆ. ತಾನು ರಾಟೆಗೆ.

“ಏನಿಲ್ಲ,” ಅಂದಳು. “ಎಣ್ಣೆ ಹಾಕುದ್ರೆ ಓಯ್ತದೆ. ಇಷ್ಟು ದಿನ ಓಡಿ ಈಗ ಬುಡ್ತಾರಾ?”

“ನೀ ನೋಡಿದ್ಮೇಲೆ ಆಯ್ತು ಬುಡು. ಎಳೆ ಇಚಾರದಲ್ಲಿ ನಿನ್ ಬೆರ್ಳು ಸುಳ್ಳಾಡಾಕಿಲ್ಲ.” ತಮಾಷೆಗೆ ಹಾಗಂದು ಅವನು ಮಲಗಲು ಹೋದ.

ಅವನು ಕೊಯಮತ್ತೂರಿನಲ್ಲಿ ಓಡುತ್ತಿದ್ದ ಬೆಳಿಗ್ಗೆ ಅವಳು ಸೆರಗಿನ ಹಂಸ ನೇಯುತ್ತಿದ್ದಳು. ಹೊತ್ತೇರಿದ ಮೇಲೆ ದೇವೀರಮ್ಮ ಬಾಗಿಲಲ್ಲಿ ನಿಂತು, “ಎಲ್ಲೀಗಂಟ ಓಡವ್ನೋ ಪಾಪ,” ಅಂದಾಗ, ಯಾರು ಎಂದು ಕೇಳುವುದರಲ್ಲಿದ್ದಳು. ನಾಲಗೆ ಕಚ್ಚಿಕೊಂಡಳು.

ಮಾರನೇ ದಿನ ಗೋವಿಂದಯ್ಯ ಮೇಷ್ಟ್ರೂ ಬಸ್ಸಿನ ಕಂಡಕ್ಟರೂ ದೇವಣ್ಣನನ್ನು ಎತ್ತಿಕೊಂಡು ಬಂದು ಜಗಲಿಯ ಮೇಲೆ ಕೂರಿಸಿದರು. ಬೀದಿಯವರೆಲ್ಲ ಸೇರಿದರು. ಅವನು ಮತ್ತೆ ಮತ್ತೆ ಒಂದೇ ಮಾತು ಹೇಳುತ್ತಿದ್ದ: “ಇನ್ನೇನು ಬಾವುಟ ಕಾಣ್ತಿತ್ತು. ಯಾರೋ ಹಿಂದ್ಲಿಂದ ಕಲ್ಲಲ್ಲಿ ಒಡ್ದಂಗಾಯ್ತು. ತಿರುಗಿ ನೋಡಿದ್ರೆ ಯಾರೂ ಇರ್ನಿಲ್ಲ.”

ಅವನ ಪಾದ ಅವಳ ಮಡಿಲಲ್ಲಿತ್ತು. ಅವಳು ತಲೆ ಎತ್ತಲಿಲ್ಲ.

ನಾಟಿ ವೈದ್ಯರು ಕಟ್ಟು ಕಟ್ಟಿದರು, ಡಾಕ್ಟರು ನರ ಹರಿದಿದೆ ಅಂದರು. ಕುಂಟಿಕೊಂಡು ನಡೆಯಬಹುದು, ಆದರೆ ಆ ಪಾದ ಇನ್ನು ಯಾವುದನ್ನೂ ಒತ್ತಿ ತುಳಿಯಲಾರದು. ಮಗ್ಗಕ್ಕೆ ಬೇಕಾದ್ದು ಅದೇ. ಲಾಳಿಯನ್ನು ದೇವೀರಮ್ಮನೇ ತಂದು ಸೊಸೆಯ ಕೈಗೆ ಕೊಟ್ಟು ಕಣ್ಣೊರೆಸಿಕೊಂಡಳು. ತಾನು ಬಯಸಿದ್ದು ಇಡಿಯಾಗಿ, ಇಷ್ಟು ಮರ್ಯಾದೆಯಿಂದ ಸಿಕ್ಕಿದ್ದನ್ನು ಶಿವನಂಜಮ್ಮ ಎರಡೂ ಕೈಯಲ್ಲಿ ತೆಗೆದುಕೊಂಡಳು.

ದೇವಣ್ಣ ರಾಟೆ ಹಿಡಿದ. ಮೊದಮೊದಲು ಅವನ ಕಂಡಿಕೆ ಸಡಿಲವಾಗಿ ನೂಲು ಜಾರುತ್ತಿತ್ತು; ಅವಳು ಮಾತಾಡದೆ ಮತ್ತೆ ಸುತ್ತಿಕೊಳ್ಳುತ್ತಿದ್ದಳು. ನೀರು, ಒಲೆ, ಮುಸುರೆ ಮಾತ್ರ ಎಲ್ಲಿಯೂ ಹೋಗಲಿಲ್ಲ, ಅವಳ ಬಳಿಯೇ ಉಳಿದವು. ಅದನ್ನು ಅವಳು ದಂಡವೆಂದು ಕಟ್ಟುತ್ತಿದ್ದಳು. ದಂಡ ತೀರಿತು ಎಂದು ಯಾವತ್ತೂ ಅನ್ನಿಸಲಿಲ್ಲ.

ಮಳೆಗಾಲ ಕಳೆದ ಮೇಲೆ ಒಂದು ದಿನ, ಅತ್ತೆ ಮನೆಯಲ್ಲಿಲ್ಲದಾಗ, ಕುಳಿಯಿಂದಲೇ ಹೇಳಿಬಿಟ್ಟಳು.

“ಅವತ್ತು ನಿಮ್ಮ ಕಾಲು ನೋಡ್ದಾಗ ನಂಗೆ ಗೊತ್ತಾಗಿತ್ತು. ಹರೀತದೆ ಅಂತ. ಮಗ್ಗ ಓಯ್ತದಲ್ಲ ಅಂತ ಹೇಳ್ನಿಲ್ಲ.”

ರಾಟೆ ನಿಂತಿತು. ಅವನು ತನ್ನ ಪಾದವನ್ನು ನೋಡಿಕೊಂಡ. ಬೈದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

“ನಾಳೀಕೆ ನನ್ ಕಾಲು ನೆಟ್ಟಗಾಯ್ತು ಅನ್ನು,” ಅಂದ. “ಎದ್ದು ಜಾಗ ಬುಡ್ತೀಯಾ?”

ಬಿಡುತ್ತೇನೆ ಎಂಬ ಮಾತು ನಾಲಗೆಯ ತುದಿಗೆ ಬಂತು. ಒಂದು ಸುಳ್ಳಿನ ಫಲ ಕಣ್ಣೆದುರಿಗೇ ಕೂತಿತ್ತು.

“ಬುಡಾಕಿಲ್ಲ,” ಅಂದಳು.

ಅವನು ಸುತ್ತಿಟ್ಟಿದ್ದ ಕಂಡಿಕೆಯನ್ನು ಕೈ ನೀಡಿ ಅವಳಿಗೆ ಕೊಟ್ಟ. ಅದು ಬಿಗಿಯಾಗಿತ್ತು. ಸಂಜೆ ಅವಳು ಮಗ್ಗದಿಂದ ಎದ್ದು ಅಡುಗೆಮನೆಗೆ ಹೋದಾಗ ದೇವಣ್ಣ ಕುಂಟುತ್ತ ಬಂದು, ಮದುವೆಯಾದ ಮೇಲೆ ಮೊದಲ ಸಲ, ತನ್ನ ತಟ್ಟೆಗೆ ತಾನೇ ಬಡಿಸಿಕೊಂಡು ಗೋಡೆಯ ಕಡೆ ಮುಖ ಮಾಡಿ ಉಂಡ. ಅದು ಸಿಟ್ಟೋ, ದಣಿದವಳಿಗೆ ಇನ್ನೊಂದು ಕೆಲಸ ಹಚ್ಚಬಾರದೆಂಬ ಕರುಣೆಯೋ ಅವಳಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ. ಮಾರನೇ ದಿನವೂ ಅವನು ಹಾಗೆಯೇ ಬಡಿಸಿಕೊಂಡ.